ಕೊಂದವರು ಯಾರೆಂದು ಊರಿಗೆಲ್ಲ ಗೊತ್ತು

ಟೂರಿಂಗ್ ಟಾಕೀಸಿನ ಕಾಲದಿಂದಲೂ ನಮ್ಮ ಬರಗೂರಿನ ಕಡೆ ಕೊಲೆ ಸಿನಿಮಾಕ್ಕೆ ಒಂದೇ ಕೊನೆ. ಪೊಲೀಸ್ ಜೀಪು ಬರುತ್ತದೆ. ಕೊಂದವನ ಕೈಗೆ ಬೇಡಿ ಬೀಳುತ್ತದೆ. 'ಶುಭಂ' ಅಂತ ತೆರೆಯ ಮೇಲೆ ಬರುವಷ್ಟರಲ್ಲಿ ನೆಲದ ಟಿಕೆಟ್ಟಿನ ಜನ ಮಣ್ಣು ಕೊಡವಿಕೊಂಡು ಮನೆ ದಾರಿ ಹಿಡಿದಿರುತ್ತಾರೆ. ಆ ನೆಲದ ಟಿಕೆಟ್ಟಿನವರಲ್ಲಿ ಕೇರಿಯವರೇ ಹೆಚ್ಚು. ಹಗಲೆಲ್ಲ ಕಡಲೇಕಾಯಿ ಹೊಲದಲ್ಲಿ ಕೂಲಿ ಮಾಡಿ ಬಂದವರಿಗೆ, ಒಂದು ರಾತ್ರಿಯ ಮಟ್ಟಿಗಾದರೂ ಲೋಕದಲ್ಲಿ ನ್ಯಾಯ ಅನ್ನೋದು ಐತೆ ಅಂತ ಅನ್ನಿಸುತ್ತಿತ್ತು. ಎರಡು ಗಂಟೆಯ ಆ ಸುಳ್ಳನ್ನು ನಾನು ಹೀಗಳೆಯುವುದಿಲ್ಲ. ಆದರೆ ಅದು ಸುಳ್ಳು.

ಬರಗೂರು ರಾಮಚಂದ್ರಪ್ಪನವರು ಇದೇ ಮಣ್ಣಿನಿಂದ ಹೋಗಿ ಸಿನಿಮಾ ಮಾಡಿದವರಾದ್ದರಿಂದ ನಮ್ಮ ಹುಡುಗರಿಗೆ ಸಿನಿಮಾ ಎಂದರೆ ಬರೀ ಕುಣಿತ ಹೊಡೆತವಲ್ಲ, ಮಾತಾಡಬೇಕಾದ ವಿಷಯ. ಹಾಗೆ ಒಂದು ರಾತ್ರಿ ಕೇರಿಯ ನಾಲ್ಕಾರು ಹುಡುಗರು, ಅವರಲ್ಲಿ ಒಬ್ಬ ಅತಿಥಿ ಉಪನ್ಯಾಸಕ, ಇನ್ನಿಬ್ಬರು ಬಿ.ಎಡ್. ಮುಗಿಸಿ ಕೆಲಸ ಕಾಯುತ್ತಿರುವವರು, ಲ್ಯಾಪ್‌ಟಾಪ್ ಇಟ್ಟುಕೊಂಡು ಕೊರಿಯಾ ದೇಶದ ಸಿನಿಮಾ ಹಾಕಿದರು. ನಾನೂ ಕೂತೆ. ಆ ಮನೆಯ ಅಜ್ಜಿ ಎಲೆ ಅಡಿಕೆ ಮೆಲ್ಲುತ್ತ ಗೋಡೆಗೊರಗಿ ಕೂತಿದ್ದರು. ಭಾಷೆ ತಿಳಿಯದು, ಅಕ್ಷರ ಓದಲು ಬರದು. ಆದರೂ ಕೊನೆಯವರೆಗೂ ಕಣ್ಣು ಕೀಳಲಿಲ್ಲ.

ಸಿನಿಮಾದ ಹೆಸರು 'ಮೆಮೊರೀಸ್ ಆಫ್ ಮರ್ಡರ್'. ನಿರ್ದೇಶಕ ಬಾಂಗ್ ಜೂನ್ ಹೋ, ವರ್ಷ 2003. ದಕ್ಷಿಣ ಕೊರಿಯಾದ ಹ್ವಾಸಾಂಗ್ ಎಂಬ ಹಳ್ಳಿಗಾಡಿನಲ್ಲಿ 1986ರಿಂದ 1991ರವರೆಗೆ ನಡೆದ ಹೆಣ್ಣುಮಕ್ಕಳ ಸರಣಿ ಕೊಲೆಗಳೇ ಅದರ ಕಥೆ. ಭತ್ತದ ಗದ್ದೆ, ಗದ್ದೆ ಅಂಚಿನ ಮೋರಿ, ಮೋರಿಯೊಳಗೆ ಹೆಣ. ಊರ ಪತ್ತೇದಾರ ಒಬ್ಬನಿದ್ದಾನೆ. ಮುಖ ನೋಡಿದರೆ ಕಳ್ಳ ಯಾರು ಅಂತ ಹೇಳಬಲ್ಲೆ ಅನ್ನುವವನು. ಸೋಲ್ ಪಟ್ಟಣದಿಂದ ಬಂದವನು ಇನ್ನೊಬ್ಬ. ಅವನಿಗೆ ಕಾಗದ ಪತ್ರದ ಮೇಲೆ ನಂಬಿಕೆ. ಊರ ಪೊಲೀಸರು ಮೊದಲು ಹಿಡಿಯುವುದು ಯಾರನ್ನು? ಬುದ್ಧಿ ಬಲಿಯದ ಒಬ್ಬ ಬಡ ಹುಡುಗನನ್ನು. ಅವನ ಬೂಟು ತಂದು ಹೊಲದ ಮಣ್ಣಿನಲ್ಲಿ ತಾವೇ ಹೆಜ್ಜೆ ಒತ್ತಿ, ಅದನ್ನೇ ಸಾಕ್ಷಿ ಅನ್ನುತ್ತಾರೆ. ಒದ್ದು ಬಡಿದು ತಪ್ಪೊಪ್ಪಿಗೆ ಬಾಯಿಪಾಠ ಮಾಡಿಸುತ್ತಾರೆ. ಇನ್ನೊಂದು ಕೊಲೆ ಆಗುವ ಸೂಚನೆ ಸಿಕ್ಕ ರಾತ್ರಿ ಪತ್ತೇದಾರರು ಹೆಚ್ಚಿನ ಪಡೆ ಕೇಳಿದರೆ ಪಡೆ ಇಲ್ಲ. ಪಡೆಯೆಲ್ಲ ಚಳವಳಿಗಾರರನ್ನು ಬಡಿಯಲು ಹೋಗಿದೆ. ಆಗ ಆ ದೇಶದಲ್ಲಿ ಇದ್ದದ್ದು ಸೈನ್ಯದ ಸರ್ವಾಧಿಕಾರ. ಪ್ರಭುತ್ವದ ಲಾಠಿ ಯಾರನ್ನು ಕಾಯಲು, ಯಾರನ್ನು ಹೊಡೆಯಲು ಇದೆ ಅನ್ನೋದನ್ನು ಆ ಒಂದು ದೃಶ್ಯ ಹೇಳಿಬಿಡುತ್ತದೆ.

ಕೊನೆಗೆ ಒಬ್ಬ ಕಾರ್ಖಾನೆಯ ಕೆಲಸಗಾರನ ಮೇಲೆ ಗುಮಾನಿ. ಡಿಎನ್ಎ ಪರೀಕ್ಷೆಗೆ ಕೊರಿಯಾದಲ್ಲಿ ಅನುಕೂಲವಿಲ್ಲ, ಮಾದರಿ ಅಮೆರಿಕಕ್ಕೆ ಹೋಗುತ್ತದೆ. ಮಳೆ ಸುರಿಯುವಾಗ, ರೈಲಿನ ಸುರಂಗದ ಬಾಯಿಯಲ್ಲಿ ಆ ವರದಿ ಬಂದು ಕೈಗೆ ಸಿಗುತ್ತದೆ. ಇವನೇ ಅಂತ ಹೇಳಲಾಗದು ಅನ್ನುತ್ತದೆ ವರದಿ. ಕಾಗದ ನಂಬಿದವನೇ ಆಗ ಪಿಸ್ತೂಲು ಎತ್ತುತ್ತಾನೆ. ಗುಮಾನಿಯ ಮನುಷ್ಯ ಸುರಂಗದ ಕತ್ತಲಲ್ಲಿ ನಡೆದುಹೋಗುತ್ತಾನೆ. ಆಮೇಲೆ 2003ನೇ ಇಸವಿ. ಊರ ಪತ್ತೇದಾರ ಕೆಲಸ ಬಿಟ್ಟು ವ್ಯಾಪಾರಿಯಾಗಿದ್ದಾನೆ. ದಾರಿಯಲ್ಲಿ ಹಳೇ ಮೋರಿ ಕಂಡು ಇಳಿದು ಒಳಗೆ ಇಣುಕುತ್ತಾನೆ. ಅಲ್ಲಿಗೆ ಬಂದ ಸಣ್ಣ ಹುಡುಗಿ ಹೇಳುತ್ತಾಳೆ: ಮೊನ್ನೆ ಇನ್ನೊಬ್ಬರು ಬಂದು ಹೀಗೇ ಇಣುಕಿ ನೋಡಿದರು, ಹಿಂದೆ ಇಲ್ಲಿ ತಾನು ಮಾಡಿದ್ದೇನೋ ನೆನಪಾಯ್ತು ಅಂದರು ಅಂತ. ಮುಖ ಹೇಗಿತ್ತು? ಎಲ್ಲರ ಹಾಗೇ ಇತ್ತು. ಆ ಪತ್ತೇದಾರ ತಿರುಗಿ ನೇರವಾಗಿ ನಮ್ಮನ್ನೇ ನೋಡುತ್ತಾನೆ. ಅಲ್ಲಿಗೆ ಸಿನಿಮಾ ಮುಗಿಯಿತು.

ಅಜ್ಜಿ ಕೇಳಿದರು: "ಯಾರಪ್ಪ ಕೊಂದೋನು? ಸಿಗಲೇ ಇಲ್ವಾ?"

"ಇಲ್ಲ ಕಣಜ್ಜಿ. ಯಾರೂ ಅಂತ ಗೊತ್ತೇ ಆಗಲ್ಲ, ಅದೇ ಕತೆ."

"ಆ ದೇಸ್ದಾಗೆ ಯಾರು ಕೊಂದ್ರು ಅಂತ ಊರೋರ್ಗೂ ಗೊತ್ತಾಗಲ್ವೇನ್ಲಾ? ನಮ್ ಕಡೆ ಊರಿಗೆಲ್ಲ ಗೊತ್ತಿರ್ತೈತೆ. ಕೋಲ್ಟಿಗೊಂದು ಗೊತ್ತಾಗಲ್ಲ."

ಹುಡುಗರು ನಕ್ಕರು. ಆಮೇಲೆ ಸುಮ್ಮನಾದರು. ಈ ಲೇಖನ ಆ ಮಾತಿನಿಂದ ಹುಟ್ಟಿದ್ದು.

ಮೊದಲು ಕೊರಿಯಾದ ಕಥೆ ಮುಗಿಸೋಣ. ಸಿನಿಮಾ ಬಂದ 16 ವರ್ಷದ ಮೇಲೆ, 2019ರಲ್ಲಿ, ಉಳಿಸಿಟ್ಟಿದ್ದ ವಸ್ತುಗಳ ಡಿಎನ್ಎ ಹೊಸದಾಗಿ ಪರೀಕ್ಷೆಯಾಗಿ ಕೊಲೆಗಾರ ಸಿಕ್ಕ. ನಾದಿನಿಯನ್ನು ಕೊಂದ ಬೇರೊಂದು ಪ್ರಕರಣದಲ್ಲಿ ಅವನು 1994ರಿಂದಲೇ ಜೈಲಿನಲ್ಲಿದ್ದ. 14 ಕೊಲೆ ಒಪ್ಪಿಕೊಂಡ. ಆದರೆ ಆ ದೇಶದ ಕಾನೂನಿನಂತೆ ಮೊಕದ್ದಮೆ ಹೂಡುವ 15 ವರ್ಷದ ಅವಧಿ 2006ರಲ್ಲೇ ಮುಗಿದಿತ್ತು. ಇನ್ನೂ ಒಂದು ಸಂಗತಿ ಇದೆ, ಅದು ನಮಗೆ ಮುಖ್ಯ. 1988ರಲ್ಲಿ ನಡೆದ ಒಂದು ಕೊಲೆಗೆ ಮರುವರ್ಷ ಒಬ್ಬ ತರುಣನನ್ನು ಹಿಡಿದು ಜೀವಾವಧಿ ಶಿಕ್ಷೆ ಕೊಟ್ಟಿದ್ದರು. ರೈತರ ಯಂತ್ರ ರಿಪೇರಿ ಮಾಡುವ ಬಡವ. ಪೋಲಿಯೋದಿಂದ ಕಾಲು ಊನವಾದವನು. ನಿದ್ದೆ ಕೊಡದೆ ಹಿಂಸೆ ಮಾಡಿ ಒಪ್ಪಿಸಿದರು, ಜೊತೆಗೆ ಕೂದಲಿನ ಪರೀಕ್ಷೆ ಮಾಡಿ ಇದು ಇವನದೇ ಅಂತ ಪ್ರಯೋಗಾಲಯದ ವರದಿ. ಅವನು 20 ವರ್ಷ ಜೈಲಿನಲ್ಲಿ ಕಳೆದ. ನಿಜವಾದ ಕೊಲೆಗಾರ ಸಿಕ್ಕ ಮೇಲೆ, 2020ರ ಡಿಸೆಂಬರ್‌ನಲ್ಲಿ, ನ್ಯಾಯಾಲಯ ಅವನನ್ನು ನಿರಪರಾಧಿ ಅಂದಿತು. ಆ ಹಳೇ ವರದಿ ನಂಬಲು ಅರ್ಹವಾಗಿರಲಿಲ್ಲ.

ಅಂದರೆ ಒಂದು ಕಾಲದಲ್ಲಿ ಪ್ರಯೋಗಾಲಯವೇ ಸುಳ್ಳು ಹೇಳಿತು, ಇನ್ನೊಂದು ಕಾಲದಲ್ಲಿ ಪ್ರಯೋಗಾಲಯವೇ ನಿಜ ಹೇಳಿತು. ಸೂಕ್ಷ್ಮದರ್ಶಕಕ್ಕೆ ಜಾತಿ ಇಲ್ಲ, ವರ್ಗ ಇಲ್ಲ, ನಿಜ. ಆದರೆ ಅದರೊಳಗೆ ಇಣುಕುವ ಕಣ್ಣಿಗೆ ಇದೆ. ಯಾರ ಕೂದಲನ್ನು ತಂದು ಅದರ ಕೆಳಗೆ ಇಡಬೇಕು ಅಂತ ತೀರ್ಮಾನ ಮಾಡುವವರಿಗೆ ಇದೆ.

ಇದು ಇವತ್ತಿನದಲ್ಲ. ಬೆರಳಚ್ಚಿನ ಕಥೆಯನ್ನೇ ನೋಡಿ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷಲ್ ಎಂಬ ಬ್ರಿಟಿಷ್ ಅಧಿಕಾರಿ, ರಸ್ತೆಗೆ ಜಲ್ಲಿ ಒದಗಿಸುವ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಅಂಗೈ ಗುರುತನ್ನು ಕರಾರುಪತ್ರಕ್ಕೆ ಒತ್ತಿಸಿಕೊಂಡ. ಈ ನೆಲದವರು ಆಡಿದ ಮಾತಿಗೆ ತಪ್ಪುತ್ತಾರೆ ಎಂಬ ಗುಮಾನಿಯೇ ಅದಕ್ಕೆ ಮೂಲ. 1897ರಲ್ಲಿ ಕಲ್ಕತ್ತೆಯಲ್ಲಿ ಲೋಕದ ಮೊದಲ ಬೆರಳಚ್ಚು ಕಚೇರಿ ಶುರುವಾಯಿತು. ಸಾವಿರಾರು ಬೆರಳಚ್ಚುಗಳನ್ನು ವಿಂಗಡಿಸುವ ಲೆಕ್ಕಾಚಾರ ಮಾಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. ಇಂದಿಗೂ ಪುಸ್ತಕಗಳಲ್ಲಿ ಅದು 'ಹೆನ್ರಿ ಪದ್ಧತಿ'. ಕೆಲಸ ಒಬ್ಬರದು, ಹೆಸರು ಇನ್ನೊಬ್ಬರದು ಅನ್ನೋದು ನಮಗೆ ಹೊಸ ಮಾತೇನಲ್ಲ.

ಆ ಬೆರಳಚ್ಚು ಯಾರ ಮೇಲೆ ಮೊದಲು ಹೇರಲ್ಪಟ್ಟಿತು? 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆ ಹುಟ್ಟಿನಿಂದಲೇ ಕೆಲವರನ್ನು ಕಳ್ಳರು ಅಂತ ಮಾಡಿತು. 1911ರಲ್ಲಿ ಅದು ಇನ್ನಷ್ಟು ಬಿಗಿಯಾಗಿ ಮದ್ರಾಸ್ ಸೀಮೆಗೂ ಬಂತು. ಪಟ್ಟಿಯಲ್ಲಿದ್ದವರ ಬೆರಳಚ್ಚನ್ನು ಸರ್ಕಾರ ಬೇಕೆಂದಾಗ ತೆಗೆದುಕೊಳ್ಳಬಹುದಿತ್ತು. ತಪ್ಪು ಮಾಡಿರಬೇಕಾಗಿರಲಿಲ್ಲ, ಹುಟ್ಟಿದ್ದರೆ ಸಾಕು. ಕೊರಮ, ಕೊರಚರ ಕಥೆ ತಗೊಳ್ಳಿ. ಎತ್ತು, ಕತ್ತೆಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ತಿರುಗಿ ಮಾರಿ ಬದುಕಿದವರು. ಸರ್ಕಾರದ ಉಪ್ಪಿನ ನೀತಿ ಅವರ ವ್ಯಾಪಾರ ಕಿತ್ತುಕೊಂಡಿತು. ರೈಲು ಬಂದು ಉಳಿದದ್ದನ್ನೂ ತಿಂದಿತು. ಹೊಟ್ಟೆಗೆ ಇಲ್ಲದೆ ಅಲೆಯತೊಡಗಿದವರನ್ನು ಅದೇ ಸರ್ಕಾರ 'ಅಲೆಮಾರಿ, ಆದ್ದರಿಂದ ಅಪರಾಧಿ' ಅಂದಿತು. ಹುಬ್ಬಳ್ಳಿಯಲ್ಲಿ ಇಂಥ ಜನರನ್ನು ತಂತಿಬೇಲಿಯೊಳಗೆ ಕೂಡಿಹಾಕಿ ಗಿರಣಿ, ವರ್ಕ್‌ಶಾಪುಗಳಿಗೆ ಅಗ್ಗದ ಕೂಲಿಗಳನ್ನಾಗಿ ದುಡಿಸಿದರು. ಆ ಜಾಗಕ್ಕೆ ಇಂದಿಗೂ ಸೆಟ್ಲ್‌ಮೆಂಟ್ ಅಂತಲೇ ಹೆಸರು. 1952ರಲ್ಲಿ ಕಾಯಿದೆ ರದ್ದಾಯಿತು. ಗುಮಾನಿ ರದ್ದಾಗಲಿಲ್ಲ. ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ ಯಾವ ಕಡೆಯಾದರೂ ಹೋಗಿ. ಊರಲ್ಲಿ ಕಳವಾದರೆ ಹೊರಗೆ ಗುಡಾರ ಹಾಕಿದವರ ಕಡೆಗೇ ಮೊದಲು ಬೆರಳು ತಿರುಗುತ್ತದೆ.

ಹಾಗಾದರೆ ನಮ್ಮ ಹಳ್ಳಿಗಳಲ್ಲಿ ಅಪರಾಧದ ಜಾಡು ಹಿಡಿಯುವ ಕೆಲಸ ಯಾರದಾಗಿತ್ತು? ಆಯಗಾರರ ಪದ್ಧತಿಯಲ್ಲಿ ಅದು ತಳವಾರ, ತೋಟಿಯರದು. ಬೇಲಿ ಹಾರಿದ ಹೆಜ್ಜೆ ನೋಡಿ ಕಳ್ಳ ಯಾವ ಕಡೆ ಹೋದ, ಭಾರ ಹೊತ್ತಿದ್ದನೋ ಇಲ್ಲವೋ ಅಂತ ಹೇಳಬಲ್ಲವರು ಅವರಲ್ಲಿದ್ದರು. ಅನಾಥ ಹೆಣ ಬಿದ್ದರೆ ಪೊಲೀಸರು ಬರುವ ತನಕ ನಾಯಿ ನರಿ ಮುಟ್ಟದಂತೆ ರಾತ್ರಿಯೆಲ್ಲ ಕಾಯುತ್ತಿದ್ದವನು ತೋಟಿ. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ ಆ ವಂಶಪಾರಂಪರ್ಯದ ಚಾಕರಿಯನ್ನು ಕಾಗದದ ಮೇಲೆ ಮುಗಿಸಿತು. ಇವತ್ತು ಆಸ್ಪತ್ರೆಯ ಶವಾಗಾರಕ್ಕೆ ಹೋಗಿ ನೋಡಿ. ಹೆಚ್ಚಿನ ಕಡೆ ಹೆಣ ಎತ್ತುವ, ಕೊಯ್ಯುವ, ಹೊಲಿಯುವ ಕೈ ನಮ್ಮ ಜನರದೇ. ವೈದ್ಯರು ಹೇಳುತ್ತಾರೆ, ಬರೆಯುತ್ತಾರೆ, ಸಹಿ ಹಾಕುತ್ತಾರೆ. ನ್ಯಾಯದ ಮೊದಲ ಕೆಲಸವನ್ನು, ಮೂಗು ಮುಚ್ಚಿಕೊಳ್ಳುವ ಕೆಲಸವನ್ನು, ಈ ಸಮಾಜ ನಮಗೆ ಬಿಟ್ಟಿದೆ. ನ್ಯಾಯದ ಕೊನೆಯ ಮಾತು ಮಾತ್ರ ನಮ್ಮ ಕೈಯಲ್ಲಿಲ್ಲ.

ಅಜ್ಜಿಯ ಮಾತಿಗೆ ಬರೋಣ. ಊರಿಗೆಲ್ಲ ಗೊತ್ತು, ಕೋರ್ಟಿಗೆ ಗೊತ್ತಿಲ್ಲ. ಇದಕ್ಕೆ ನಮ್ಮ ನಾಡಿನ ದೊಡ್ಡ ಉದಾಹರಣೆ ಕಂಬಾಲಪಲ್ಲಿ. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಹಳ್ಳಿ. 2000ದ ಮಾರ್ಚ್ 11ರ ರಾತ್ರಿ ಅಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ, ಬೆಂಕಿ ಇಟ್ಟು ಜೀವಂತ ಸುಟ್ಟರು. ಮಂತ್ರಿಗಳು ಬಂದರು, ಪತ್ರಿಕೆಗಳು ಬಂದವು, ನಾಡಿನ ತುಂಬ ಮೆರವಣಿಗೆ ನಡೆಯಿತು. ಮೊಕದ್ದಮೆ ಆರು ವರ್ಷ ಎಳೆಯಿತು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟೂ ಆ ತೀರ್ಪನ್ನೇ ಎತ್ತಿಹಿಡಿಯಿತು. ಏಳು ಹೆಣ ಇದ್ದವು. ಕೊಂದವರು ಮಾತ್ರ ಯಾರೂ ಇಲ್ಲ.

ವಿಜ್ಞಾನ ಇಲ್ಲಿ ಏನು ಮಾಡಬಲ್ಲದು ಅಂತ ಕೇಳಿಕೊಳ್ಳಬೇಕು. ಸುಟ್ಟ ಮನೆಯ ಬೂದಿ ನೋಡಿ ಸೀಮೆಎಣ್ಣೆ ಸುರಿದಿದ್ದರೋ ಇಲ್ಲವೋ ಹೇಳಬಲ್ಲದು. ಶ್ವಾಸನಾಳದಲ್ಲಿ ಮಸಿ ಇದ್ದರೆ ಬೆಂಕಿ ಹತ್ತಿದಾಗ ಆ ಜೀವ ಇನ್ನೂ ಉಸಿರಾಡುತ್ತಿತ್ತು ಅಂತ ಹೇಳಬಲ್ಲದು. ಆದರೆ ಬಾಗಿಲ ಚಿಲಕ ಹಾಕಿದ ಕೈ ಯಾರದು? ಗುಂಪಿನಲ್ಲಿ 'ಹಾಕ್ರೋ' ಅಂತ ಕೂಗಿದ ಬಾಯಿ ಯಾರದು? ಅದನ್ನು ಹೇಳಬೇಕಾದವನು ಕಣ್ಣಾರೆ ಕಂಡ ಮನುಷ್ಯ. ಆ ಮನುಷ್ಯ ನಾಳೆ ಬೆಳಿಗ್ಗೆ ಅದೇ ಊರಲ್ಲಿ ನೀರು ಹಿಡಿಯಬೇಕು, ಅದೇ ಹೊಲದಲ್ಲಿ ಕೂಲಿಗೆ ಹೋಗಬೇಕು, ಅವರದೇ ಅಂಗಡಿಯಲ್ಲಿ ಸಾಲ ಹೇಳಬೇಕು. ಅವನು 'ನಾನೇನೂ ನೋಡಲಿಲ್ಲ ಸ್ವಾಮಿ' ಅಂದರೆ ಅದು ಸುಳ್ಳು ಸಾಕ್ಷಿಯಾಗುತ್ತದೆ, ಹೌದು. ಆ ಸುಳ್ಳನ್ನು ಅವನ ಬಾಯಲ್ಲಿ ಇಟ್ಟದ್ದು ಭೂಮಿಯ ಒಡೆತನ. ಒಂದು ಗುಂಪು ಒಂದು ಕೇರಿಯ ಮೇಲೆ ಬಿದ್ದಾಗ ಪ್ರಶ್ನೆ ಕೊಂದವರು ಯಾರು ಅನ್ನೋದಲ್ಲ. ಹೇಳುವವರು ಯಾರು, ಹೇಳಿ ಬದುಕುವವರು ಯಾರು ಅನ್ನೋದು. ಕೊರಿಯಾದ ಸಿನಿಮಾಕ್ಕೂ ನಮ್ಮ ಚರಿತ್ರೆಗೂ ಇರುವ ವ್ಯತ್ಯಾಸ ಇದೇ.

ಹಾಗಂತ ಎಲ್ಲ ಕಥೆಯ ಕೊನೆಯೂ ಕಂಬಾಲಪಲ್ಲಿಯದಲ್ಲ. ನಮ್ಮ ತುಮಕೂರು ಜಿಲ್ಲೆಯಲ್ಲೇ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗೋಪಾಲಪುರದಲ್ಲಿ, 2010ರಲ್ಲಿ ಒಬ್ಬ ದಲಿತ ಹೆಣ್ಣುಮಗಳನ್ನು ಗುಂಪು ಕಟ್ಟಿಕೊಂಡು ಕೊಂದರು. 14 ವರ್ಷ ಕಳೆದು 2024ರ ನವೆಂಬರ್‌ನಲ್ಲಿ ತುಮಕೂರಿನ ನ್ಯಾಯಾಲಯ 21 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅದಕ್ಕೆ ಒಂದು ತಿಂಗಳ ಹಿಂದೆ ಕೊಪ್ಪಳದ ನ್ಯಾಯಾಲಯ ಮರಕುಂಬಿ ಪ್ರಕರಣದ ತೀರ್ಪು ಕೊಟ್ಟಿತ್ತು. ಮರಕುಂಬಿಯ ಗಲಾಟೆ ಶುರುವಾದದ್ದೇ ಸಿನಿಮಾ ಮಂದಿರದಲ್ಲಿ. 2014ರ ಆಗಸ್ಟ್‌ನಲ್ಲಿ ಗಂಗಾವತಿಯ ಟಾಕೀಸಿನ ಜಗಳ ಊರಿಗೆ ಬಂದು, ದಲಿತರ ಮೇಲೆ ಬಿದ್ದು, ಗುಡಿಸಲಿಗೆ ಬೆಂಕಿ ಇಟ್ಟರು. 101 ಜನರ ಮೇಲೆ ಅಪರಾಧ ಸಾಬೀತಾಗಿ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆಯಾಯಿತು. ಮರುತಿಂಗಳೇ ಹೈಕೋರ್ಟಿನ ಧಾರವಾಡ ಪೀಠದಿಂದ ಅವರಲ್ಲಿ ಹೆಚ್ಚಿನವರಿಗೆ ಜಾಮೀನೂ ಸಿಕ್ಕಿತು. ಜಾಮೀನು ಬಿಡುಗಡೆಯಲ್ಲ, ಆದರೆ ಅದೇ ಊರಿಗೆ ಅವರು ವಾಪಸ್ ಬಂದಾಗ ಸಾಕ್ಷಿ ಹೇಳಿದವನ ಮನೆಯಲ್ಲಿ ಆ ರಾತ್ರಿ ದೀಪ ಆರಿಸಿದ್ದರೋ ಇಲ್ಲವೋ, ಅದನ್ನು ಯಾವ ಪ್ರಯೋಗಾಲಯವೂ ಅಳೆಯಲಾರದು. ಆದರೂ ಹತ್ತು ವರ್ಷ, ಹದಿನಾಲ್ಕು ವರ್ಷ ಪಟ್ಟು ಬಿಡದೆ ಕೋರ್ಟಿನ ಮೆಟ್ಟಿಲು ಹತ್ತಿದವರು ಇದ್ದರು ಅನ್ನೋದನ್ನು ನಾವು ಮರೆಯಬಾರದು. ಸೋತ ಚರಿತ್ರೆಯನ್ನಷ್ಟೇ ಹೇಳಿಕೊಂಡು ಅಳುವುದೂ ಒಂದು ರೀತಿ ಯಥಾಸ್ಥಿತಿಗೆ ಮಾಡುವ ಸೇವೆಯೇ.

ಸಾಕ್ಷಿ ಸಿಗದಿದ್ದರೆ ಮನುಷ್ಯನ ತಲೆಯೊಳಗೇ ಇಣುಕೋಣ ಅಂತ ಪೊಲೀಸರು ಹೊರಟದ್ದೂ ಉಂಟು. 2000ದ ನಂತರದ ವರ್ಷಗಳಲ್ಲಿ ಮಂಪರು ಪರೀಕ್ಷೆಗೆ ಬೆಂಗಳೂರು ದೇಶಕ್ಕೇ ಹೆಸರಾಗಿತ್ತು. ಔಷಧ ಚುಚ್ಚಿ, ಅರೆನಿದ್ದೆಯಲ್ಲಿ ಮಾತಾಡಿಸಿ, ಅದನ್ನು ಟಿವಿಯಲ್ಲಿ ತೋರಿಸಿ ಜನರ ಮುಂದೆ ತೀರ್ಪು ಕೊಟ್ಟುಬಿಡುತ್ತಿದ್ದರು. ಇದನ್ನು ತಡೆದದ್ದು ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣ. ಬೇರೆ ಜಾತಿಯವನನ್ನು ಮದುವೆಯಾದ ಹುಡುಗಿಯ ಗಂಡನ ಕೊಲೆಯ ಆರೋಪ ಅದರ ಮೂಲದಲ್ಲಿತ್ತು. 2010ರ ಮೇ 5ರಂದು ಸುಪ್ರೀಂ ಕೋರ್ಟು, ಒಪ್ಪಿಗೆ ಇಲ್ಲದೆ ಯಾರ ಮೇಲೂ ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಮೆದುಳಿನ ಪರೀಕ್ಷೆ ಮಾಡಕೂಡದು ಅಂದಿತು. ಆ ಪೀಠದ ಮುಖ್ಯಸ್ಥರು ದೇಶದ ಮೊದಲ ದಲಿತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್. ಜಾತಿ ಕೊಲೆಯ ಆರೋಪಿಗೂ ಈ ರಕ್ಷಣೆ ಯಾಕೆ ಅಂತ ನಮ್ಮ ಗೆಳೆಯರು ಸಿಟ್ಟಾಗಬಹುದು. ಆದರೆ ಠಾಣೆಯ ಒಳಗೆ ಹೆಚ್ಚು ಸಲ ಸಿಕ್ಕಿಬೀಳುವವರು ಯಾರು ಅಂತ ಯೋಚಿಸಿ. ಆ ಬಾಗಿಲು ತೆರೆದಿದ್ದರೆ ಅದರೊಳಗೆ ಮೊದಲು ತಳ್ಳುತ್ತಿದ್ದುದು ನಮ್ಮನ್ನೇ.

ಪಕ್ಕದ ತಮಿಳುನಾಡಿನ ವೇಂಗೈವಯಲ್ ಇದಕ್ಕೆ ಸಾಕ್ಷಿ. 2022ರ ಡಿಸೆಂಬರ್‌ನಲ್ಲಿ ಅಲ್ಲಿ ದಲಿತರ ಕುಡಿಯುವ ನೀರಿನ ತೊಟ್ಟಿಯಲ್ಲಿ ಮಲ ಸಿಕ್ಕಿತು. ತನಿಖೆ ಡಿಎನ್ಎ ಪರೀಕ್ಷೆಯ ದಾರಿ ಹಿಡಿಯಿತು. ದಲಿತರೇ ರಕ್ತ ಕೊಡಲು ಸಾಲು ನಿಲ್ಲಬೇಕಾಯಿತು. 2025ರ ಜನವರಿಯಲ್ಲಿ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಇದ್ದದ್ದು ಆ ನೀರು ಕುಡಿದ ಸಮುದಾಯದ ಮೂವರು ತರುಣರು. ಅಲ್ಲಿನ ಜನ ಅದನ್ನು ಒಪ್ಪಲಿಲ್ಲ.

ಹಾಗಾದರೆ ವಿಜ್ಞಾನವೇ ಬೇಡವೇ? ಬೇಕು. ನಮಗೇ ಹೆಚ್ಚು ಬೇಕು. ಇಂಗ್ಲೆಂಡಿನಲ್ಲಿ ಡಿಎನ್ಎ ಪರೀಕ್ಷೆ ಮೊದಲ ಸಲ ಕೊಲೆ ತನಿಖೆಗೆ ಬಂದ 1986ರಲ್ಲಿ ಅದು ಮೊದಲು ಮಾಡಿದ ಕೆಲಸ ಕೊಲೆಗಾರನನ್ನು ಹಿಡಿದದ್ದಲ್ಲ. ತಪ್ಪೊಪ್ಪಿಕೊಂಡಿದ್ದ 17 ವರ್ಷದ ಹುಡುಗ ನಿರಪರಾಧಿ ಅಂತ ತೋರಿಸಿದ್ದು. ಸಾಕ್ಷಿಯನ್ನು ಹೆದರಿಸಬಹುದು, ಕೊಳ್ಳಬಹುದು. ಮೊದಲ ದಿನವೇ ಸರಿಯಾಗಿ ಎತ್ತಿಟ್ಟ ರಕ್ತದ ಕಲೆಯನ್ನು ಹೆದರಿಸಲಾಗದು. ಕಂಡವನು ಬಾಯಿ ಮುಚ್ಚಿದಾಗಲೂ ಅದು ಮಾತಾಡುತ್ತದೆ, ಆ ಮೂಲಕ ಕಂಡವನ ಭಾರವನ್ನೂ ಇಳಿಸುತ್ತದೆ.

ಆದ್ದರಿಂದ ಕಾರ್ಯಕರ್ತರು, ಮೇಷ್ಟ್ರುಗಳು ಕೆಲವು ಮಾತು ನೆನಪಿಡಬೇಕು. ದೌರ್ಜನ್ಯ ತಡೆ ಕಾಯಿದೆ 1989ರದು. ಅದರ 1995ರ ನಿಯಮದಂತೆ ತನಿಖೆ ಮಾಡಬೇಕಾದವರು ಡಿವೈಎಸ್ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ. 2016ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಸಂತ್ರಸ್ತರಿಗೆ, ಸಾಕ್ಷಿಗಳಿಗೆ ರಕ್ಷಣೆ ಪಡೆಯುವ ಹಕ್ಕಿದೆ, ಎಫ್ಐಆರ್ ಪ್ರತಿಯನ್ನು ಪುಕ್ಕಟೆ ಪಡೆಯುವ ಹಕ್ಕಿದೆ. 2024ರ ಜುಲೈ 1ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧ ನಡೆದ ಜಾಗಕ್ಕೆ ವಿಧಿವಿಜ್ಞಾನದ ತಜ್ಞರು ಬಂದು ಸಾಕ್ಷ್ಯ ಎತ್ತಬೇಕು, ಅದರ ವಿಡಿಯೋ ಆಗಬೇಕು ಅನ್ನುತ್ತದೆ. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಗಡುವು ಕೊಟ್ಟಿದೆ. ಬರೆದಿಟ್ಟ ಕಾನೂನು ತಾನಾಗಿ ನಡೆದು ಕೇರಿಗೆ ಬರುವುದಿಲ್ಲ. ಕೇಳುವವರು ಬೇಕು. ಮಳೆ ಬರುವ ಮುಂಚೆ, ಜನ ತುಳಿದು ಜಾಡು ಅಳಿಸುವ ಮುಂಚೆ ಆ ಜಾಗದ ಸುತ್ತ ನಿಲ್ಲುವ ನಾಲ್ಕು ಜನ ಬೇಕು. ಮಹಜರಿಗೆ ಪಂಚರಾಗಿ ಊರ ಗೌಡರ ಮನೆಯ ಆಳುಗಳೇ ಸಹಿ ಹಾಕಿ, ಮುಂದೆ ಕೋರ್ಟಿನಲ್ಲಿ 'ನನಗೆ ಗೊತ್ತಿಲ್ಲ, ಠಾಣೇಲಿ ಸೈನ್ ಮಾಡಿಸ್ಕೊಂಡ್ರು' ಅಂದರೆ ಮೊಕದ್ದಮೆ ಅಲ್ಲೇ ಬಿತ್ತು. ಓದು ಬರಹ ಬಲ್ಲ ಮೇಷ್ಟ್ರು ಆ ದಿನ ಯಾಕೆ ರಜೆ ಹಾಕಿ ಊರಿಗೆ ಹೋಗಿರುತ್ತಾರೆ?

ಸಿನಿಮಾದ ಆ ಕೊನೆಯ ನೋಟದ ಬಗ್ಗೆ ಒಂದು ಮಾತು ಉಳಿದಿದೆ. ಕೊಂದವನು ಬದುಕಿದ್ದರೆ ಒಂದು ದಿನ ಈ ಸಿನಿಮಾ ನೋಡಲು ಬರಬಹುದು, ಆಗ ಪತ್ತೇದಾರನ ಕಣ್ಣು ಅವನ ಕಣ್ಣಿಗೆ ನೆಡಬೇಕು ಅಂತ ನಿರ್ದೇಶಕರು ಅದನ್ನು ಹಾಗೆ ತೆಗೆದರಂತೆ. ಅವನು ನೋಡಿದ್ದೂ ನಿಜ. 2020ರಲ್ಲಿ ಕೋರ್ಟಿಗೆ ಸಾಕ್ಷಿಯಾಗಿ ಬಂದಾಗ, ಜೈಲಿನಲ್ಲಿ ಆ ಸಿನಿಮಾ ನೋಡಿದೆ, ಅದು ಬರೀ ಸಿನಿಮಾ, ಏನೂ ಅನ್ನಿಸಲಿಲ್ಲ ಅಂದ. ಕೊಂದವನಿಗೆ ನಾಚಿಕೆ ಹುಟ್ಟಲಿ ಅಂತ ಕಾಯುವುದು ದಂಡ. ಆ ನೋಟ ಮುಟ್ಟಬೇಕಾದದ್ದು ಕೊಲ್ಲದೆ, ಎಲ್ಲ ಕಂಡು, ಸುಮ್ಮನೆ ಕೂತವರನ್ನು. ನಮ್ಮ ಹಳ್ಳಿಗಳಲ್ಲಿ ಅಂಥವರೇ ಹೆಚ್ಚು.

ನಾಳೆ ಯಾವುದೋ ಊರಿನ ಮೋರಿಯ ಪಕ್ಕ ಪೊಲೀಸರು ನಿಂತು, ಮಹಜರಿಗೆ ಇಬ್ಬರು ಪಂಚರು ಬೇಕು, ಯಾರು ಬರ್ತೀರಿ ಅಂತ ಕೂಗುತ್ತಾರೆ. ಗೆಳೆಯರೇ, ಎದ್ದು ಹೋಗುವವರು ಯಾರು?